ಮೈಕ್ ಚಾಚಾ ಬಿಡಿಸಿದ ‘ಹೂಂ’

ಮಾತಾಡುವಾಗ ಚಾಚಾರ ತೋರುಬೆರಳು ಬಲಗಿವಿಯೊಳಗೆ ಇರುತ್ತಿತ್ತು. ಚಹಾ ಕುಡಿಯುವಾಗಲೂ ಅಷ್ಟೇ, ಕನ್ಯೆ ನೋಡಲು ಹೋದ ಮನೆಯಲ್ಲೂ ಅಷ್ಟೇ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ವರ್ಷಗಟ್ಟಲೆ ಮೈಕ್ ಹಿಡಿದು, ಕಬ್ಬಿನ ಟ್ರ್ಯಾಕ್ಟರುಗಳನ್ನು ನಂಬರಿನ ಪ್ರಕಾರ ತೂಕದ ಕಟ್ಟೆಗೆ ಕರೆದವರು ಅವರು. ಆ ಗದ್ದಲದಲ್ಲಿ ತಮ್ಮ ದನಿ ತಮಗೆ ಕೇಳಲೆಂದು ಒಳಗೆ ಹೋದ ಬೆರಳು ರಿಟೈರ್ ಆದ ಮೇಲೂ ಹೊರಗೆ ಬರಲಿಲ್ಲ. ಏಕಸಂಬಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಊರಿಗೆಲ್ಲ ಮೈಕ್ ಚಾಚಾ, ನನಗೆ ಬರೀ ಚಾಚಾ.

ವಿಮಾನ ಸಂಚಾರ ನಿಯಂತ್ರಣದ ತರಬೇತಿಗೆ ನಾನು ಆಯ್ಕೆಯಾದಾಗ ಅವ್ವ ಓಣಿಗೆಲ್ಲ “ಮಗಳು ಪೈಲಟ್ ಆಗ್ಯಾಳ” ಎಂದು ಪೇಢೆ ಹಂಚಿದಳು. ಪೈಲಟ್ ಅಲ್ಲವ್ವಾ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಚಾಚಾ ಮಾತ್ರ ಪೇಢೆ ಕೈಯಲ್ಲಿ ಹಿಡಿದುಕೊಂಡೇ ವಿಚಾರ ಮಾಡಿದರು.

“ಅಂದ್ರ ಮ್ಯಾಲಿನ ಗಾಡಿ ಕರಿಯೂದು ನಿನ್ನ ಕೆಲಸ. ಹೌದಿಲ್ಲೋ?”

“ಹೌದ್ರಿ ಚಾಚಾ.”

“ನಮ್ಮಲ್ಲೆ ‘ನಿಂದರಸಲೇ’ ಅಂದ್ರ ಆತು, ಗಾಡಿ ನಿಂದರತಿತ್ತು. ಅಲ್ಲಿ ಮ್ಯಾಲ ಹೆಂಗ ನಿಂದರಸ್ತೀ ಬೇಟಾ?”

ನಿಲ್ಲಿಸಲು ಬರುವುದಿಲ್ಲ, ಅಲ್ಲೇ ಸುತ್ತು ಹೊಡೆಸುತ್ತೇವೆ ಎಂದೆ. ಅದೊಂದು ಮಾತಿಗೆ ಚಾಚಾ ಎರಡು ದಿನ ನಕ್ಕರು.

ನಗು ಬಹಳ ದಿನ ಉಳಿಯಲಿಲ್ಲ. ತರಬೇತಿ ನಡೆಯುವುದು ಸಿಮ್ಯುಲೇಟರಿನಲ್ಲಿ. ಅಲ್ಲಿ ನಿಜವಾದ ವಿಮಾನ ಒಂದೂ ಇಲ್ಲ, ಪರದೆಯ ಮೇಲೆ ಚುಕ್ಕಿಗಳು ಓಡಾಡುತ್ತವೆ. ಪಕ್ಕದ ಕೋಣೆಯಲ್ಲಿ ಕೂತವರು ಪೈಲಟ್ಟುಗಳ ಹಾಗೆ ಮಾತಾಡುತ್ತಾರೆ. ನಾವು ಕೊಟ್ಟ ಆದೇಶವನ್ನು ಪೈಲಟ್ ತಿರುಗಿ ಹೇಳಬೇಕು, ತಪ್ಪು ಹೇಳಿದರೆ ನಾವು ಅಲ್ಲೇ ಹಿಡಿಯಬೇಕು. ಪರೀಕ್ಷೆಯ ದಿನ ಏಳು ಸಾವಿರ ಅಡಿಗೆ ಏರಲು ಹೇಳಿದೆ. ವಯಸ್ಸಾದ ಗಂಡಸಿನ ತೂಕದ ದನಿಯೊಂದು “ಒಂಬತ್ತು ಸಾವಿರ” ಎಂದಿತು. ಎಂಟು ಸಾವಿರದಲ್ಲಿ ಇನ್ನೊಂದು ವಿಮಾನ ಅಡ್ಡ ಬರುತ್ತಿತ್ತು. ನಾನು ತಿದ್ದಲಿಲ್ಲ. ಎರಡು ಚುಕ್ಕಿ ಕೆಂಪಾಗಿ ಒಂದರ ಮೇಲೊಂದು ಕೂತವು. ಪರೀಕ್ಷಕರು, ಮೂರು ವಾರ ಬಿಟ್ಟು ಇನ್ನೊಂದೇ ಅವಕಾಶ, ಅದೂ ಹೋದರೆ ಮನೆಗೆ ಎಂದರು.

ಊರಿಗೆ ಬಂದು ಅವ್ವನಿಗೆ ರಜೆ ಎಂದು ಸುಳ್ಳು ಹೇಳಿದೆ. ಚಾಚಾರ ಮುಂದೆ ಸುಳ್ಳು ನಡೆಯಲಿಲ್ಲ, ನಡೆದದ್ದನ್ನೆಲ್ಲ ಹೇಳಿದೆ.

“ನಿನಗ ಕೇಳಿಸಲೇ ಇಲ್ಲೇನು?” ಎಂದರು.

“ಕೇಳಿಸಿತ್ರಿ. ದೊಡ್ಡವರ ದನಿ ಇತ್ತು. ತಪ್ಪು ಅನ್ನಾಕ ಬಾಯಿ ಬರಲಿಲ್ಲ. ‘ಹೂಂ’ ಅಂದುಬಿಟ್ಟೆ.”

ಬೆರಳು ಕಿವಿಯಿಂದ ಹೊರಗೆ ಬಂತು. ಅದನ್ನು ನಾನು ನೋಡಿದ್ದು ಅದೇ ಮೊದಲು.

“ನಾನೂ ಒಮ್ಮೆ ‘ಹೂಂ’ ನಂಬಿ ಕೆಟ್ಟೀನಿ. ನಿಂದರು ಅಂದೆ, ಡ್ರೈವರ್ ಹೂಂ ಅಂದ. ಹೂಂ ಅಂದಾಂವ ಬಂದೇಬಿಟ್ಟ. ಮುಂದ ನಿಂತಿದ್ದ ಚಕ್ಕಡಿಯ ಒಂದು ಎತ್ತಿನ ಕೋಡು ಮುರೀತು. ಆವತ್ತಿನಿಂದ ನಂಬರ ತಿರುಗಿ ಹೇಳದ ಯಾವನ್ನೂ ಬಿಡಲಿಲ್ಲ. ನಡಿ, ಮಾಳಗಿ ಮ್ಯಾಲೆ ನಡಿ.”

ಮಾಳಿಗೆಯ ಮೇಲೆ ಸುಣ್ಣದಿಂದ ಮೂರು ವರ್ತುಲ ಬರೆದರು. ಸೋಡಾ ಬಾಟಲಿಯ ಮುಚ್ಚಳಗಳೇ ವಿಮಾನ. ಅವಕ್ಕೆ ಹೆಸರೂ ಇಟ್ಟರು: ರಾಯಬಾಗ ಒಂದು, ಅಥಣಿ ಎರಡು, ಕಾಗವಾಡ ಮೂರು. ಪೈಲಟ್ ತಾವೇ; ಮುಖ ಕಾಣಬಾರದೆಂದು ಮೆಟ್ಟಿಲ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ನಾನು “ಅಥಣಿ ಎರಡು, ಐದು ಸಾವಿರ” ಎಂದರೆ ಒಳಗಿನಿಂದ “ಅಥಣಿ ಎರಡು, ಆರು ಸಾವಿರ” ಎಂದು ಬರುತ್ತಿತ್ತು. ಚಿಕ್ಕಂದಿನಿಂದ ಅವರೆದುರು ತಲೆ ಎತ್ತಿ ಮಾತಾಡಿದವಳಲ್ಲ ನಾನು. ಮೊದಲ ದಿನ “ಅಲ್ಲ ಅನಸ್ತೈತ್ರಿ ಚಾಚಾ...” ಎಂದು ರಾಗ ಎಳೆದೆ.

ಬಾಗಿಲು ಧಡ್ ಎಂದು ತೆರೆಯಿತು. “ಅನಸ್ತೈತಿ ಅಂದ್ರೇನು ಲೇ? ನೀ ಅನ್ನೂದರಾಗ ನನ್ನ ವಿಮಾನ ಅಥಣಿ ದಾಟಿ ಹೋತು! ಅಲ್ಲ ಅಂದ್ರ ಅಲ್ಲ. ಅಷ್ಟ!”

ಮೂರನೆಯ ದಿನ ಸಿಟ್ಟಿಗೆ “ಅಲ್ಲ! ಐದು ಸಾವಿರ!” ಎಂದು ಕೂಗಿದೆ. ಕೆಳಗೆ ಅಕ್ಕಿ ಆರಿಸುತ್ತಿದ್ದ ಅವ್ವ “ಹಿರೇರಿಗೆ ಹಂಗ ಒದರತಾರೇನ?” ಎಂದು ಗದರಿದಳು. ಚಾಚಾ ಬಾಗಿಲ ಹಿಂದಿನಿಂದಲೇ, “ಒದರ್ಲಿ ಬಿಡ್ರಿ ಅಕ್ಕಾರ, ಈಗ ಬರೋಬ್ಬರಿ ಒದರಾಕತ್ತಾಳ” ಎಂದರು. ಅವ್ವನಿಗೆ ಏನೂ ತಿಳಿಯಲಿಲ್ಲ.

ಮರುಪರೀಕ್ಷೆಯಲ್ಲಿ ಅದೇ ತೂಕದ ದನಿ ಮೂರು ಸಲ ತಪ್ಪು ಹೇಳಿತು. ಮೂರೂ ಸಲ ಹಿಡಿದೆ. ಕೆಲಸಕ್ಕೆ ಸೇರಿದ ಮೇಲೂ ಫೋನಿನಲ್ಲಿ ಚಾಚಾರ ಪರೀಕ್ಷೆ ನಿಲ್ಲಲಿಲ್ಲ. ಸೋಮವಾರ ಬರುತ್ತೇನೆ ಎಂದರೆ “ಹಾಂ, ಮಂಗಳವಾರ ಬಾ” ಅನ್ನುವರು. ನಾನು “ಅಲ್ಲ, ಸೋಮವಾರ!” ಎಂದು ಒದರಿದರೆ ಖುಷಿಯೋ ಖುಷಿ.

ಹೋದ ವರ್ಷ ಒಮ್ಮೆ ಫೋನಿನಲ್ಲಿ ಅವರ ದನಿ ಎಳೆಯುತ್ತಿತ್ತು. ಎರಡು ದಿನದಿಂದ ಎದೆ ಹಿಡಿದಂತಾಗುತ್ತಿದೆ ಎಂದರು. ನನ್ನ ಡ್ಯೂಟಿಗೆ ಹೊತ್ತಾಗಿತ್ತು, ಬೂಟು ಹಾಕಿಕೊಳ್ಳುತ್ತಲೇ ಮಾತಾಡುತ್ತಿದ್ದೆ.

“ಚಾಚಾ, ನಾಳೆನ ನಿಪ್ಪಾಣಿ ದವಾಖಾನಿಗೆ ಹೋಗಿ ತೋರಸ್ರಿ.”

“ಆತವಾ, ಬರೂ ವಾರ ಹೋಗ್ತೀನಿ.”

ಇದು ಆಟವಾಗಿರಲಿಲ್ಲ, ಪರೀಕ್ಷೆಯೂ ಆಗಿರಲಿಲ್ಲ. ನಾಲ್ಕನೆಯ ದಿನ ಅವ್ವ ಅಳುತ್ತ ಫೋನ್ ಮಾಡಿದಳು. ಚಾಚಾರ ಮಣ್ಣಿಗೆ ಹೋಗಿ ಬಂದು ಮಾಳಿಗೆ ಹತ್ತಿದೆ. ಸುಣ್ಣದ ವರ್ತುಲ ಅರ್ಧ ಅಳಿಸಿತ್ತು, ಮೂಲೆಯಲ್ಲಿ ಅಥಣಿ ಎರಡು ತುಕ್ಕು ಹಿಡಿದು ಬಿದ್ದಿತ್ತು.

ದಿನವೂ ಎಷ್ಟೋ ವಿಮಾನಗಳಿಗೆ ‘ಅಲ್ಲ’ ಅನ್ನುತ್ತೇನೆ. ಆ ‘ಅಲ್ಲ’ ಚಾಚಾ ಕೊಟ್ಟದ್ದು. ಅವರಿಗೇ ಅದು ಬೇಕಾಗಿದ್ದ ದಿನ, ನಾನು ನಾಳೆ ಎಂದದ್ದನ್ನು ಅವರು ಬರುವ ವಾರ ಎಂದರು. ನನಗೆ ಸರಿಯಾಗಿ ಕೇಳಿಸಿತ್ತು. ‘ಹೂಂ’ ಅಂದೆ.