ಇನ್ನೊಬ್ಬರ ಓಟ, ನನ್ನ ಹಿಮ್ಮಡಿ

ತಪ್ಪು ನನ್ನದೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಮನೆಯವರು ಹೇಳಲು ಶುರು ಮಾಡುತ್ತಾರೆ, ಅವರು ಹೇಳಿದರೆ ಬಹಳ ಉದ್ದವಾಗುತ್ತದೆ.

ನಾನು ಮಿಮಿಕ್ರಿ ಮಾಡುವವನು. ಹೊಟ್ಟೆಪಾಡಿಗಲ್ಲ, ಚಟಕ್ಕೆ. ಹೊಟ್ಟೆಪಾಡಿಗೆ ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಟ್ರೇನಿ. ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ. ಧ್ವನಿಯನ್ನು ಯಾರು ಬೇಕಾದರೂ ಮಾಡುತ್ತಾರೆ, ನನ್ನ ವಿಶೇಷ ನಡಿಗೆ. ಅದರಲ್ಲೂ ಕೆಳಗಿನ ಮನೆಯ ಸಾಠೆ ಕಾಕಾ ಓಡುವುದು ನನ್ನ ಹಿಟ್ ಐಟಂ. ಕಾಕಾ ರಿಟೈರ್ ಆದವರು, ಒಣಗಿದ ನುಗ್ಗೆಕಾಯಿಯ ಹಾಗಿದ್ದಾರೆ. ದಿನಾ ಬೆಳಿಗ್ಗೆ ಹಿಂದಿನ ಟೇಕಡಿ, ಅಂದರೆ ಸಣ್ಣ ಗುಡ್ಡ, ಹತ್ತಿ ಓಡುತ್ತಾರೆ. ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ, ಬರೀ ಮುಂಗಾಲು. ಕಾದ ಹಂಚಿನ ಮೇಲೆ ಬಿಟ್ಟ ಕೋಳಿ ನೋಡಿದ ಹಾಗಾಗುತ್ತದೆ.

ಸೊಸೈಟಿಯ ಗಣಪತಿ ಕಾರ್ಯಕ್ರಮದಲ್ಲಿ ಇದನ್ನು ಮಾಡಿ ತೋರಿಸಿದೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಕಾಕಾ. ಆಮೇಲೆ ಹೆಗಲ ಮೇಲೆ ಕೈಹಾಕಿ, "ಸ್ಟೇಜಿನ ಮೇಲೆ ಯಾರು ಬೇಕಾದರೂ ಓಡುತ್ತಾರೆ ಮಗಾ, ನಾಳೆ ಟೇಕಡಿಗೆ ಬಾ" ಎಂದರು. ಹೋದೆ. ಹೋದವನು ನನ್ನ ಪಾಡಿಗೆ ನಾನು ಓಡಬೇಕಿತ್ತು. ಆದರೆ ನನ್ನದು ಅಂತ ಒಂದು ಓಟ ಇರಲೇ ಇಲ್ಲ. ಕೊನೆಯ ಸಲ ಓಡಿದ್ದು ಶಾಲೆಯ ಬಸ್ಸಿನ ಹಿಂದೆ. ಹಾಗಾಗಿ ಕಾಕಾರ ಓಟವನ್ನೇ ಹಾಕಿಕೊಂಡು ಓಡಿದೆ. ಮುಂಗಾಲಲ್ಲಿ. ಕಾಲೇಜಿನ ಕಾಲದ ಸವೆದ ಕ್ಯಾನ್ವಾಸ್ ಶೂನಲ್ಲಿ. ಹಿಂದಿನಿಂದ ಜನ ನಗುತ್ತಿದ್ದರು, ನನಗೆ ಪೆಟ್ರೋಲ್ ಹಾಕಿದಂತಾಗುತ್ತಿತ್ತು. ಐವತ್ತೈದು ಕಿಲೋ ಮನುಷ್ಯನ ಓಟವನ್ನು ತೊಂಬತ್ತೆರಡು ಕಿಲೋ ದೇಹಕ್ಕೆ ತೊಡಿಸಿದರೆ ಎಲ್ಲೋ ಒಂದು ಕಡೆ ಹರಿಯಲೇಬೇಕಲ್ಲ?

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಲಗಾಲು ನೆಲಕ್ಕಿಟ್ಟೆ.

ಯಾರೋ ಹಿಮ್ಮಡಿಗೆ ಮೊಳೆ ಹೊಡೆದರು.

ಬಗ್ಗಿ ನೋಡಿದೆ. ಮೊಳೆ ಇಲ್ಲ, ಗಾಯ ಇಲ್ಲ, ಊತವೂ ಇಲ್ಲ. ಗೋಡೆ ಹಿಡಿದು ಬಾತ್‌ರೂಮ್ ತಲುಪುವಷ್ಟರಲ್ಲಿ ನೋವು ಅರ್ಧ ಇಳಿಯಿತು. ಇಳಿಯಿತಲ್ಲ ಅಂತ ಮತ್ತೆ ಓಡಲು ಹೋದೆ. ದಡ್ಡತನದಲ್ಲೂ ಡಬಲ್ ಶಿಫ್ಟ್ ಮಾಡುವವ ನಾನು.

ಆಮೇಲೆ ನೋವು ಬಾತ್‌ರೂಮ್ ದಾಟಿ ಚಾಕಣದವರೆಗೂ ಜೊತೆಗೆ ಬರತೊಡಗಿತು. ನನ್ನ ಕೆಲಸ ಫೈನಲ್ ಇನ್‌ಸ್ಪೆಕ್ಷನ್. ಸೇಫ್ಟಿ ಶೂ ಹಾಕಿಕೊಂಡು ಕಾಂಕ್ರೀಟಿನ ಮೇಲೆ ಪೂರ್ತಿ ಶಿಫ್ಟ್ ನಿಲ್ಲಬೇಕು. ಟ್ರೇನಿಂಗ್ ಮುಗಿಯುತ್ತ ಬಂದಿತ್ತು. ನಿಂತು ಮಾಡುವ ಕೆಲಸಕ್ಕೆ ಫಿಟ್ ಎಂದು ಕಂಪನಿ ಡಾಕ್ಟರು ಸಹಿ ಹಾಕಿದರೆ ಕಾಯಂ, ಇಲ್ಲದಿದ್ದರೆ ಟಾಟಾ. ಒಂದು ದಿನ ನಾನು ಕಂಬಕ್ಕೆ ಒರಗಿದ್ದನ್ನು ಸೂಪರ್‌ವೈಸರ್ ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ಆಮೇಲೆ ಅಣಕಿಸಬಹುದಿತ್ತು. ಸುಮ್ಮನೆ ನೋಡಿದ್ದನ್ನು ಅಣಕಿಸುವುದು ಕಷ್ಟ.

ಹೆದರಿಕೆ ಶುರುವಾದದ್ದು ಆಗಲೇ.

ಆರ್ಥೊಪೆಡಿಕ್ ಡಾಕ್ಟರು ಮರಾಠಿಯವರು. ಅವರ ಮಾತನ್ನು ಇಲ್ಲಿ ಕನ್ನಡ ಮಾಡಿದ್ದೇನೆ. ಧ್ವನಿ ಮಾಡಿ ತೋರಿಸಲಾಗದ್ದು ನಿಮ್ಮ ಪುಣ್ಯ.

"ವೇಟ್ ಎಷ್ಟು?"

"ಎಂಬತ್ತೈದು."

ಅವರು ಮೂಲೆಯ ತೂಕದ ಮಶೀನು ತೋರಿಸಿದರು. ಹತ್ತಿದೆ. ಮಶೀನಿಗೆ ಹಾಸ್ಯಪ್ರಜ್ಞೆ ಇರಲಿಲ್ಲ.

"ನಡೆದು ತೋರಿಸಿ."

ನಡೆದೆ.

"ನಾಟಕ ಬೇಡ. ನಿಮ್ಮ ನಡಿಗೆ ತೋರಿಸಿ."

ಅದೇ ಸಮಸ್ಯೆ ಮೇಡಮ್, ಅನ್ನಬೇಕೆಂದುಕೊಂಡೆ. ಊರವರ ನಡಿಗೆಯೆಲ್ಲ ಬಾಯಿಪಾಠ ಇದ್ದವನಿಗೆ ತನ್ನದು ನೆನಪಾಗಲಿಲ್ಲ.

ಅವರು ಪಾದವನ್ನು ಹಿಡಿದು, ಹಿಮ್ಮಡಿಯ ಒಳಬದಿಗೆ ಹೆಬ್ಬೆರಳು ಒತ್ತಿದರು. ನಾನು ಕೂಗಿದ ಕೂಗು ಮಾತ್ರ ಅಪ್ಪಟ ನನ್ನದೇ. "ಪ್ಲಾಂಟರ್ ಫೇಶಿಯೈಟಿಸ್" ಎಂದರು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಪಾದದ ಕೆಳಗೆ ಒಂದು ಗಟ್ಟಿ ಪಟ್ಟಿ ಇರುತ್ತದಂತೆ, ಪ್ಲಾಂಟರ್ ಫೇಶಿಯಾ. ಪಾದದ ಕಮಾನನ್ನು ಹಿಡಿದಿಡುವುದು ಅದೇ. "ಸಂತೆಗೆ ಒಯ್ಯುವ ಬಟ್ಟೆಯ ಚೀಲ ನೋಡಿದ್ದೀರಲ್ಲ? ಭಾರ ಹೆಚ್ಚಾದರೆ ಬಟ್ಟೆ ಹರಿಯುವುದಿಲ್ಲ, ಹಿಡಿಕೆಯ ಹೊಲಿಗೆ ಬಿಡುತ್ತದೆ. ನಿಮ್ಮ ಹೊಲಿಗೆ ಇರುವುದು ಹಿಮ್ಮಡಿಯಲ್ಲಿ. ಓಡುವಾಗ ಒಂದೊಂದು ಹೆಜ್ಜೆಗೂ ಮೈಭಾರದ ಎರಡು ಮೂರು ಪಟ್ಟು ಕಾಲಿನ ಮೇಲೆ ಬೀಳುತ್ತದೆ. ನೀವು ಚೀಲ ತುಂಬಿಸಿದ್ದೂ ಅಲ್ಲದೆ, ಅದನ್ನು ಜಗ್ಗುತ್ತ ಟೇಕಡಿ ಹತ್ತಿದ್ದೀರಿ. ಅದೂ ಮುಂಗಾಲಲ್ಲಿ." ರಾತ್ರಿ ಮಲಗಿದಾಗ ಆ ಪಟ್ಟಿ ಬಿಗಿದುಕೊಳ್ಳುತ್ತದೆ, ಬೆಳಗಿನ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ. ಮೊಳೆ ಹೊಡೆದವರು ಯಾರೆಂದು ಆಗ ಗೊತ್ತಾಯಿತು.

ಹಿಮ್ಮಡಿಯ ಕೆಳಗೆ ಕೊಬ್ಬಿನದೇ ಒಂದು ದಿಂಬು ಇರುತ್ತದೆ, ಪೆಟ್ಟು ತಡೆಯುವುದು ಅದರ ಕೆಲಸ ಎಂದೂ ಹೇಳಿದರು.

"ಕೊಬ್ಬು ನನ್ನಲ್ಲಿ ಬೇಕಾದಷ್ಟಿದೆ ಮೇಡಮ್."

"ಬೇಕಾದ ಕಡೆ ಇಲ್ಲ."

ಓಟ ಬಂದ್. ತೂಕ ಇಳಿಸಬೇಕು. ಎದ್ದ ಕೂಡಲೇ ಟವೆಲ್ಲಿನಿಂದ ಪಾದ ಎಳೆಯಬೇಕು, ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸಬೇಕು. ಎಲ್ಲಕ್ಕಿಂತ ಮುಖ್ಯ, ಮನೆಯೊಳಗೂ ಮೆತ್ತನೆಯ ಚಪ್ಪಲಿ. ಗಟ್ಟಿ ಟೈಲ್ಸ್ ಮೇಲೆ ಒಂದು ಹೆಜ್ಜೆಯೂ ಬರಿಗಾಲು ಕೂಡದು.

"ಓಡದೆ ತೂಕ ಇಳಿಸುವುದು ಹೇಗೆ ಮೇಡಮ್?"

"ಬಾಯಿ ಮುಚ್ಚಿಕೊಂಡು."

ನನಗೆ ಎಲ್ಲರೂ ಹೇಳುವ ಮಾತೇ ಅದು. ಫೀಸು ತೆಗೆದುಕೊಂಡು ಹೇಳಿದವರು ಇವರೊಬ್ಬರೇ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ತೂಕ ಇಳಿಯಲೆಂದು ಓಡಿದರೆ ಹಿಮ್ಮಡಿ ಹೋಗುತ್ತದೆ, ಹಿಮ್ಮಡಿ ಉಳಿಯಲೆಂದು ಕೂತರೆ ತೂಕ ಏರುತ್ತದೆ, ಏರಿದ ತೂಕ ಮತ್ತೆ ಹಿಮ್ಮಡಿಯ ಮೇಲೆಯೇ ಬಂದು ಕೂರುತ್ತದೆ; ಈ ಗಾಣ ತಿರುಗಿಸುವ ಎತ್ತೂ ನಾನೇ, ಒಳಗೆ ನುರಿಯುವ ಶೇಂಗಾ ಕಾಳೂ ನಾನೇ. ಜೊತೆಗೆ ಪುಕ್ಕಟೆ ಸಲಹೆಗಳು. ಎದುರುಮನೆಯ ಕಾಕೂ ಎಕ್ಕದ ಎಲೆ, ಬಿಸಿ ಇಟ್ಟಿಗೆ ಎಂದರು. ಸಾಠೆ ಕಾಕಾ ಬಂದು ನನ್ನ ಕುಂಟುವಿಕೆಯನ್ನು ನನಗೇ ಮಾಡಿ ತೋರಿಸಿದರು. ಚೆನ್ನಾಗಿ ಮಾಡಿದರು ಬೇರೆ. ಇದಕ್ಕಿಂತ ದೊಡ್ಡ ಅವಮಾನ ಕಲಾವಿದನಿಗೆ ಇನ್ನೇನಿದೆ?

ಚಪ್ಪಲಿಯದು ಬೇರೆಯೇ ಕಥೆ.

ನಮ್ಮದು ಧಾರವಾಡ ಕಡೆಯ ಮನೆ. ಪುಣೆಗೆ ಬಂದು ಎಷ್ಟು ವರ್ಷವಾದರೂ ಹೊಸ್ತಿಲ ಒಳಗೆ ಅಜ್ಜಿಯದೇ ಸರಕಾರ. ದೇವರ ಜಗಲಿ ಅಡಿಗೆಮನೆಯಲ್ಲಿದೆ. ಅಡಿಗೆಮನೆ, ಹಾಲ್, ನನ್ನ ಹಾಸಿಗೆ, ಎಲ್ಲ ಒಂದೇ ನೋಟಕ್ಕೆ ಕಾಣುವಷ್ಟು ದೊಡ್ಡ ಫ್ಲ್ಯಾಟು. ಹೊಸ ಚಪ್ಪಲಿಯ ಡಬ್ಬಿ ನೋಡಿದವಳೇ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಅತ್ತೀ, ಮನ್ಯಾಗ ಹಾಕ್ಕೋರಿ ಅಂತ ಡಾಕ್ಟರ್ ಹೇಳ್ಯಾರ್ರಿ" ಎಂದಳು ಅವ್ವ.

"ಮನ್ಯಾಗ ಅಂತ ಹೇಳ್ಯಾಳ. ಯಾರ ಮನ್ಯಾಗ ಅಂತ ಹೇಳ್ಯಾಳೇನು? ಆಕಿ ಮನ್ಯಾಗ ಹೋಗಿ ಹಾಕ್ಕೊಳ್ಳಲಿ. ನಾವೂ ಬರಿಗಾಲಲೇ ಬಾಳೇ ಮಾಡೇವಿ, ನಮಗ ಹಿಮ್ಮಡಾ ಇರಲಿಲ್ಲೇನು?"

ಅಪ್ಪ ಪೇಪರ್ ಮಡಚಲಿಲ್ಲ. ಅಪ್ಪ ಪೇಪರ್ ಮಡಚದಿದ್ದರೆ ತೀರ್ಪು ಅಜ್ಜಿಯ ಪರ ಅಂತ ಅರ್ಥ. ಚಪ್ಪಲಿ ಹೊರಗಿನ ಸ್ಟ್ಯಾಂಡಿನಲ್ಲಿ ಕೂತಿತು. ಮನೆಯೊಳಗೆ ನಡೆಯುವುದು ಎಷ್ಟು ಮಹಾ, ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಭೇಟಿಯಲ್ಲಿ ಡಾಕ್ಟರು, "ನೋವು ಹಾಗೇ ಇದೆಯಲ್ಲ, ಚಪ್ಪಲಿ ಹಾಕುತ್ತಿದ್ದೀರಾ?" ಎಂದರು. "ಯಾವಾಗಲೂ" ಎಂದೆ. "ತಂದಿದ್ದೀರಾ?" ತಂದಿದ್ದೆ, ಕಾಲಲ್ಲೇ ಇತ್ತು. ಬಿಚ್ಚಿಸಿ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ತೊಂಬತ್ತೆರಡು ಕಿಲೋ ಹೊತ್ತಿರಬೇಕಾದ ರಬ್ಬರಿನಲ್ಲಿ ಹಿಮ್ಮಡಿಯ ಗುಂಡಿಯೇ ಬಿದ್ದಿರಲಿಲ್ಲ. ಬೆರಳಿನ ಗುರುತೂ ಇರಲಿಲ್ಲ.

"ಇದಕ್ಕೆ ಪೂಜೆ ಮಾಡುತ್ತಿದ್ದೀರಾ?"

ನಗು ಬರಲಿಲ್ಲ, ನನಗೂ, ಅವರಿಗೂ. ಅಜ್ಜಿಯ ವಿಷಯ, ಕಂಪನಿ ಪರೀಕ್ಷೆಯ ವಿಷಯ, ಎರಡೂ ಹೇಳಿದೆ. ಅವರು ನಿಟ್ಟುಸಿರುಬಿಟ್ಟರು. "ಸ್ಟಿರಾಯ್ಡ್ ಇಂಜೆಕ್ಷನ್ ಈಗಲೇ ಕೊಡಲು ಇಷ್ಟವಿಲ್ಲ. ಹಿಮ್ಮಡಿಯ ದಿಂಬು ಅದರಿಂದ ತೆಳ್ಳಗಾಗಬಹುದು. ಆದರೆ ಹೀಗೇ ಬರಿಗಾಲಲ್ಲಿ ಓಡಾಡಿದರೆ, ನಿಮ್ಮ ಕಂಪನಿಯವರು ಪರೀಕ್ಷೆ ಮಾಡುವ ಹೊತ್ತಿಗೆ ನೀವು ನಿಲ್ಲುವುದಿಲ್ಲ."

ನಿಲ್ಲುವುದಿಲ್ಲ.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಕೊನೆಯ ಮಾತು ನನ್ನದಾಗುವುದು ಸರಿಯಲ್ಲ. ಕಂಪನಿ ಡಾಕ್ಟರು ಹೋದ ವಾರ ಸಹಿ ಹಾಕಿದರು. ನೋವು ಪೂರ್ತಿ ಹೋಗಿಲ್ಲ. ಬೆಳಗಿನ ಮೊದಲ ಹೆಜ್ಜೆ ಇನ್ನೂ ಗೊಣಗುತ್ತದೆ, ಆದರೆ ಕಚ್ಚುವುದಿಲ್ಲ. ಸೈಕಲ್ ತುಳಿಯುತ್ತೇನೆ. ತೂಕ ಸ್ವಲ್ಪ ಇಳಿದಿದೆ, ಮಶೀನೇ ಹೇಳಿದ್ದು, ನಾನಲ್ಲ. ಇಷ್ಟು ದಿನ ಕಾಲು ಎಂದರೆ ತಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಸಾಧನ ಎಂದುಕೊಂಡಿದ್ದವನು, ಈಗ ಹಾಸಿಗೆಯ ಅಂಚಿನಲ್ಲಿ ಕೂತು, ಅದಕ್ಕೆ ಸಿದ್ಧವಾಗಲು ಒಂದಿಷ್ಟು ಹೊತ್ತು ಕೊಟ್ಟು, ಆಮೇಲೆ ಏಳುತ್ತೇನೆ.

ಇದೆಲ್ಲ ತಿರುವು ಪಡೆದದ್ದು ಚಪ್ಪಲಿಯ ಸುಳ್ಳು ಸಿಕ್ಕಿಬಿದ್ದ ಆ ದಿನ ಸಂಜೆ, ಕ್ಲಿನಿಕ್ಕಿನಿಂದ ಮನೆಗೆ ಬಂದಾಗ. ಬೆಳಗಾವಿಯಿಂದ ಶಾಂತತ್ತೆ ಬಂದಿದ್ದಳು, ಅಪ್ಪನ ಅಕ್ಕ. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಂಡೇ ಹೊಸ್ತಿಲ ಹೊರಗೆ ನಿಂತೆ. ಡಾಕ್ಟರ ಧ್ವನಿ ಮಾಡಲಿಲ್ಲ. ನನ್ನ ಧ್ವನಿಯಲ್ಲೇ ಹೇಳಿದೆ.

"ಅಜ್ಜಿ, ಕಾಲು ಆರಾಮಾಗಲಿಲ್ಲ ಅಂದ್ರ ನೌಕರಿ ಹೋಗ್ತದ."

ರೊಟ್ಟಿಯ ಸದ್ದು ನಿಂತಿತು. "ದಿನಾ ಎಷ್ಟು ತಾಸು ನಿಲ್ಲತೀ ಅಲ್ಲೆ?"

"ಎಂಟು ತಾಸು."

"ನಡುವ ಕುಂಡ್ರಾಕ ಕೊಡೂದಿಲ್ಲೇನು?"

"ಊಟಕ್ಕಷ್ಟ."

ಅಜ್ಜಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನ ಕಾಲು ನೋಡಿದಳು. ಅಷ್ಟು ಹೊತ್ತು ಅವಳು ನನ್ನ ಮುಖವನ್ನೂ ನೋಡಿದ್ದು ನೆನಪಿಲ್ಲ. "ಅವನ್ನ ತೊಳಕೊಂಡು, ಹಾಕ್ಕೊಂಡು ಒಳಗ ಬಾ. ಇನ್ನ ಮ್ಯಾಲೆ ಹೊರಗ ಬ್ಯಾರೇವು ಹಾಕ್ಕೋ."

ತೊಳೆದು, ಒರೆಸಿ, ಹಾಕಿಕೊಂಡು ಒಳಗೆ ಬಂದೆ. ಅಡಿಗೆಮನೆಯವರೆಗೂ ಹೋದೆ. ಶಾಂತತ್ತೆಯ ಚಹದ ಕಪ್ಪು ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಅವ್ವಾ! ಜಗಲಿ ಮುಂದ ಚಪ್ಪಲಿ? ನಾವು ಸಣ್ಣಾವ್ರಿದ್ದಾಗ ಹೊಸ್ತಲಕ್ಕ ತಾಗಿದ್ರೂ ಬೆನ್ನ ಮ್ಯಾಲ ಬೀಳ್ತಿತ್ತು. ಈಗ ದೇವರು ಏನ್ ತಿಳ್ಕೋಬೇಕು?"

ಅಜ್ಜಿ ಮುಂದಿನ ರೊಟ್ಟಿಗೆ ಹಿಟ್ಟು ಮುರಿದುಕೊಂಡಳು.

"ದೇವರಿಗೆ ಕುಂತಲ್ಲೇ ನೈವೇದ್ಯ ಬರ್ತದ. ಇವಗ ನಿಂತ್ರನ ಪಗಾರ. ನೀ ಚಾ ಕುಡಿ."