ಕಾರಿಗೆ ತಿನ್ನಿಸಿದ ಬಾಳೆಸಿಪ್ಪೆ

ಹೋದ ತಿಂಗಳು ಮಗಳ ಮನೆಯಲ್ಲಿ ಬಾಳೆಹಣ್ಣಿನ ಹಲ್ವ ಕಾಯಿಸುತ್ತಿದ್ದರು. ಮಗಳು ಫೋನು ಬಂತೆಂದು ಎದ್ದು ಹೋದಳು, ತಳ ಹಿಡಿಯಿತು. ಮನೆ ತುಂಬ ಸೀದ ಬಾಳೆಹಣ್ಣಿನ ವಾಸನೆ. ಉಳಿದವರು ಹಲ್ವ ಹಾಳಾಯಿತಲ್ಲ ಎಂದು ಮರುಗುತ್ತಿದ್ದರೆ ನಾನು ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿದೆ. ವಯಸ್ಸಾಯಿತು, ಪಿತ್ತ ಇರಬೇಕು ಎಂದರು. ಪಿತ್ತವಲ್ಲ. ನನಗೆ ಮೇಸ್ತ್ರಿ ನೆನಪಾಗಿದ್ದರು.

ಅರವತ್ತರ ದಶಕದ ಮಾತು. ಉಡುಪಿಯಿಂದ ಮಣಿಪಾಲಕ್ಕೆ ಏರು ಶುರುವಾಗುವ ಕಡೆ ಒಂದು ಗ್ಯಾರೇಜ್ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಾನು ಅಲ್ಲಿ ಎರಡನೆಯ ಮೆಕ್ಯಾನಿಕ್. ಮದುವೆಯಾಗಿ ಎರಡು ಮಕ್ಕಳಿದ್ದವನು, ಒಳ್ಳೆಯದು ಕೆಟ್ಟದ್ದು ತಿಳಿಯದ ಪ್ರಾಯವೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಕನಿಕರ ಪಡುವುದು ಬೇಡ.

ಕಾರಿನ ರೋಗವನ್ನು ಮೇಸ್ತ್ರಿ ಒಂದು ನಟ್ಟು ಬಿಚ್ಚದೆ ಹೇಳುತ್ತಿದ್ದರು. ಡ್ರೈವರನ ಪಕ್ಕ ಕುಳಿತು, ಚಪ್ಪಲಿ ಕಳಚಿ, ಎರಡೂ ಬರಿಗಾಲನ್ನು ತಳದ ತಗಡಿನ ಮೇಲೆ ಊರಿ ಕಣ್ಣು ಮುಚ್ಚುತ್ತಿದ್ದರು. ಮಣಿಪಾಲದ ಏರು ಹತ್ತಿಸಬೇಕು, ತಿರುಗಿಸಿ ಇಳಿಸಬೇಕು, ಅದೇ ಪರೀಕ್ಷೆ. ನಿಂತ ಕಾರಿನಲ್ಲಿ ಕ್ಲಚ್ ತುಳಿದೊಡನೆ ಶಬ್ದ ನಿಂತರೆ ಗೇರ್ ಬಾಕ್ಸಿನ ಬೇರಿಂಗ್, ತುಳಿದಾಗಲೇ ಕಿರುಚಿದರೆ ಕ್ಲಚ್ಚಿನದೇ ಬೇರಿಂಗ್. ಹೊರಡುವಾಗ ಕೆಳಗೆ 'ಟಕ್' ಎಂದರೆ ಹಿಂದಕ್ಕೆ ಹೋಗುವ ಶಾಫ್ಟಿನ ಜೋಡಣೆ ಸವೆದಿದೆ. ಏರಿನಲ್ಲಿ ಒಂದು ಸ್ವರ, ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ಟೊಡನೆ ಇನ್ನೊಂದು ಸ್ವರ ಬಂದರೆ ಹೌಸಿಂಗ್, ಅಂದರೆ ಎರಡು ಹಿಂಚಕ್ರಗಳ ನಡುವೆ ಕಬ್ಬಿಣದ ಗಡಿಗೆಯಂತೆ ಇರುತ್ತದಲ್ಲ, ಅದರೊಳಗಿನ ಹಲ್ಲುಚಕ್ರಗಳ ಕೆಲಸ. ಅವರು ಹೇಳಿದ್ದು ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಕಾಲುಗಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಈಗ ನೆನೆದರೆ ಮೈಮೇಲೆ ಕಂಬಳಿಹುಳ ಹರಿದಂತಾಗುತ್ತದೆ.

ಇನ್ನಂಜೆಯ ಕಡೆಯ ಧಣಿಗಳೊಬ್ಬರ ಹತ್ತಿರ ಕೆಂಪು ಸ್ಪೋರ್ಟ್ಸ್ ಕಾರು ಇತ್ತು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಸ್ವದೇಶಕ್ಕೆ ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದು. ಧಣಿಗಳು ಕಾಪುವಿನ ನೇರ ರಸ್ತೆಯಲ್ಲಿ ಗೇರಿನ ಕೋಲನ್ನು ಕಡಗೋಲಿನ ಹಾಗೆ ಕಡೆದು ಕಡೆದು ಅದರ ಪ್ರಾಣ ತೆಗೆದಿದ್ದರು. ಮೇಸ್ತ್ರಿ ಒಮ್ಮೆ ಏರು ಹತ್ತಿ ಇಳಿದು ಬಂದು ನನ್ನೆದುರೇ ಹೇಳಿದರು.

"ಹೌಸಿಂಗ್ ಹೋಗಿ ಆಯ್ತು ಧಣಿಗಳೇ. ಹಲ್ಲು ಸವೆದು ಚೂರಿ ಆಗಿದೆ. ಒಂದು ದಿನ ಕಚ್ಚಿ ಹಿಡಿದರೆ ಹಿಂದಿನ ಚಕ್ರ ಎರಡೂ ನಿಂತೇ ಬಿಡ್ತದೆ."

ಆ ಸಾಮಾನು ಈ ದೇಶದಲ್ಲಿ ಸಿಗುವಂಥದ್ದಲ್ಲ. "ಹಾಗಾದ್ರೆ ಯಾರಿಗಾದ್ರೂ ಮಾರಿ ಬಿಡು ಮಾರಾಯ" ಎಂದು ಹೇಳಿ ಧಣಿಗಳು ಕಾರನ್ನು ಅಲ್ಲೇ ಬಿಟ್ಟು ಹೋದರು.

ಮರುದಿನ ಮಧ್ಯಾಹ್ನ ಮೇಸ್ತ್ರಿ ಒಂದು ಬುಟ್ಟಿ ಬಾಳೆಹಣ್ಣು ತರಿಸಿದರು. "ತಿನ್ನಿ, ಸಿಪ್ಪೆ ಬಿಸಾಡಬೇಡಿ" ಎಂದರು. ಗ್ಯಾರೇಜಿನವರೆಲ್ಲ ನೆರಳಿನಲ್ಲಿ ಕುಳಿತು ತಿಂದೆವು. ಅವರು ಸಿಪ್ಪೆಯನ್ನು ಸಣ್ಣಗೆ ಕೊಚ್ಚಿ, ಮರದ ಹುಡಿ ಸೇರಿಸಿ, ಎಣ್ಣೆಯಲ್ಲಿ ಕಲಸಿ ಹೌಸಿಂಗಿನೊಳಗೆ ತುರುಕಿದರು. ಆ ನಾರು ಹಲ್ಲುಗಳ ನಡುವೆ ಮೆತ್ತೆಯಂತೆ ನಿಂತು ಶಬ್ದವನ್ನು ಅಡಗಿಸುತ್ತದೆ. ಒಂದು ತಿಂಗಳೋ ಎರಡು ತಿಂಗಳೋ, ಅಷ್ಟೇ. ಸವೆತ ಹಾಗೆಯೇ ಇರುತ್ತದೆ. ಹಣ್ಣು ನಮಗೆ, ಸಿಪ್ಪೆ ಕಾರಿಗೆ ಎಂದು ನಾನೇ ತಮಾಷೆ ಮಾಡಿದೆ, ಎಲ್ಲರೂ ನಕ್ಕರು. ಥೂ... ನಾನು ಆರು ಹಣ್ಣು ತಿಂದಿದ್ದೆ.

ಕೊಳ್ಳಲು ಬಂದವರು ಉದ್ಯಾವರದ ಎಳೆಯ ಡಾಕ್ಟರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನದವರು. ಆಗಷ್ಟೇ ಮದುವೆಯಾಗಿತ್ತು. ಕಾರಿನ ವಿಷಯ ತನಗೆ ತಿಳಿಯದೆಂದು ನಗುತ್ತಲೇ ಒಪ್ಪಿಕೊಂಡು, "ಮೇಸ್ತ್ರಿಗಳು ಆಗಬಹುದು ಅಂದ್ರೆ ತಗೊಳ್ತೇನೆ" ಎಂದರು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕುಳಿತು ಚಪ್ಪಲಿ ಕಳಚಿದರು. ಬರಿಗಾಲು ಊರಿ ಕಣ್ಣು ಮುಚ್ಚಿದರು. ಕಾರು ಏರು ಹತ್ತಿತು, ಇಳಿಯಿತು. ಸುಳ್ಳು ಹೇಳುವುದಕ್ಕೆ ಚಪ್ಪಲಿ ಯಾಕೆ ಕಳಚಬೇಕಿತ್ತು? ಬಾಯಿಯಲ್ಲೇ ಹೇಳಬಹುದಿತ್ತಲ್ಲ. ನನಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವುದು ಆ ಕಳಚಿಟ್ಟ ಚಪ್ಪಲಿ.

"ರೇಷ್ಮೆಯ ಹಾಗೆ ಉಂಟು ಡಾಕ್ಟ್ರೇ. ಎಂತದ್ದೂ ಇಲ್ಲ" ಎಂದರು.

ಒಂದೂವರೆ ತಿಂಗಳಿಗೆ ಡಾಕ್ಟರು ತಿರುಗಿ ಬಂದರು. ಇಳಿಜಾರಿನಲ್ಲಿ ಹಿಂದಿನಿಂದ ಏನೋ ನರಳಿದ ಹಾಗೆ ಕೇಳುತ್ತದೆ ಎಂದರು. ಪಾಪ, ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಮೇಸ್ತ್ರಿ ಮತ್ತೆ ಬರಿಗಾಲಿನಲ್ಲಿ ಕುಳಿತು ಒಂದು ಸುತ್ತು ಹೋಗಿ ಬಂದು, ಅದು ಟಯರಿನ ಶಬ್ದ, ನಮ್ಮ ರಸ್ತೆಯೇ ಹಾಗೆ ಎಂದರು. "ಸುಮ್ಮನೆ ನಿಮಗೆ ತೊಂದರೆ ಕೊಟ್ಟೆ ಅಲ್ವಾ" ಎಂದು ಡಾಕ್ಟರೇ ಸಂಕೋಚಪಟ್ಟರು. ನಾನು ಸ್ಪ್ಯಾನರ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು... ಹೇಳಲಿಲ್ಲ.

ಅದಾಗಿ ಕೆಲವು ದಿನಗಳಲ್ಲಿ ಡಾಕ್ಟರು ಹೆಂಡತಿಯನ್ನು ಕೂರಿಸಿಕೊಂಡು ಕಾರ್ಕಳಕ್ಕೆ ಹೊರಟಿದ್ದರು. ಕುಕ್ಕುಂದೂರಿನ ಹತ್ತಿರ ಒಂದು ತಿರುವಿನಲ್ಲಿ ಗೇರು ಇಳಿಸಿದ್ದೇ ಹಿಂದಿನ ಚಕ್ರಗಳೆರಡೂ ಹಿಡಿದುಕೊಂಡವು. ಕಾರು ಅಡ್ಡ ತಿರುಗಿ ಎಡ ಮಗ್ಗುಲಿನಿಂದ ಮುರಕಲ್ಲಿನ ಗೋಡೆಗೆ ಬಡಿಯಿತು. ಡಾಕ್ಟರ ಹಣೆ ಒಡೆಯಿತು. ಹೆಂಡತಿಯ ಎಡಗಾಲು ಮೊಣಕಾಲಿನಿಂದ ಕೆಳಗೆ ಜಜ್ಜಿಹೋಯಿತು. ಜೀವ ಉಳಿಯಿತು, ಕಾಲು ಮತ್ತೆ ನೇರವಾಗಲಿಲ್ಲ.

ಲಾರಿಯಲ್ಲಿ ಹಾಕಿ ಕಾರನ್ನು ನಮ್ಮಲ್ಲಿಗೇ ತಂದರು. ಮೇಸ್ತ್ರಿ ಬೇರೆ ಯಾರಿಗೂ ಮುಟ್ಟಗೊಡದೆ ತಾವೇ ಹೌಸಿಂಗ್ ಬಿಚ್ಚಿದರು. ಒಳಗಿನಿಂದ ಕಪ್ಪು ಮುದ್ದೆ ಬಂತು. ಸೀದ ಬಾಳೆ, ಕೊಳೆತ ಎಣ್ಣೆ, ಕಬ್ಬಿಣದ ಚೂರು, ಎಲ್ಲ ಸೇರಿದ ಒಂದು ನಾತ. ಅದನ್ನು ಬೊಗಸೆಯಲ್ಲಿ ಬಾಚಿ ಡಬ್ಬಕ್ಕೆ ತುಂಬಿಸಿ ನನ್ನ ಕೈಗೆ ಕೊಟ್ಟರು. ಹಿತ್ತಲಿನ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದವನು ನಾನು. ಬಹಳ ದಿನ ಅನ್ನ ಕಲಸುವಾಗ ನನ್ನ ಬೆರಳಿನಿಂದ ಅದೇ ವಾಸನೆ ಬರುತ್ತಿತ್ತು.

ವಾರ ಕಳೆದು ಡಾಕ್ಟರು ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದರು. ಜಗಳಕ್ಕಲ್ಲ. ಬೆಂಚಿನ ಮೇಲೆ ಕುಳಿತು, ತಾನು ಏನು ತಪ್ಪು ಮಾಡಿದೆ ಎಂದು ಕೇಳಿದರು. ಆಗಲಾದರೂ ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಗೊತ್ತಾಗುವುದಿಲ್ಲ ಡಾಕ್ಟ್ರೇ ಎನ್ನಬಹುದಿತ್ತು.

"ತಿರುವಿನಲ್ಲಿ ಗೇರು ಇಳಿಸಿದಿರಿ ಅಲ್ವಾ? ಅದೇ ತಪ್ಪಿದ್ದು. ಇಂಥ ಕಾರಿನಲ್ಲಿ ಹಾಗೆ ಮಾಡ್ಲಿಕ್ಕೆ ಇಲ್ಲ."

ಡಾಕ್ಟರು ತಲೆಯಾಡಿಸಿದರು. ನನ್ನ ಕಡೆಗೂ ಒಮ್ಮೆ ನೋಡಿದರು, ಹೌದೇ ಎಂಬಂತೆ. ನಾನೂ ತಲೆಯಾಡಿಸಿದೆ.

ಮೇಸ್ತ್ರಿಯ ತಾಯಿ ಇದ್ದದ್ದು ಅದೇ ಧಣಿಗಳ ಒಕ್ಕಲು ಮನೆಯಲ್ಲಿ, ಧಣಿಗಳಿಗೆ ಇಲ್ಲ ಎಂದಿದ್ದರೆ ಮುದುಕಿ ಬೀದಿಗೆ ಬೀಳುತ್ತಿದ್ದಳು ಎಂದು ಹೇಳುವವರಿದ್ದರು. ಇರಬಹುದು. ಆ ಕಾಲದಲ್ಲಿ ಒಕ್ಕಲಿನವರಿಗೆ ಧಣಿಗಳೆದುರು ನಾಲಿಗೆ ಇರಲಿಲ್ಲ, ಅದು ನನಗೂ ಗೊತ್ತು. ಆದರೆ ಧಣಿ ಹೇಳಿದ್ದು ಮಾರು ಎಂದು ಮಾತ್ರ. ಬಾಳೆಸಿಪ್ಪೆ ಮೇಸ್ತ್ರಿಯ ಸ್ವಂತ ವಿದ್ಯೆ. ಡಾಕ್ಟರ ತಲೆಗೆ ತಪ್ಪು ಕಟ್ಟಿದ್ದು ಯಾರ ಅಪ್ಪಣೆಯಿಂದ?

ಆ ವರ್ಷವೇ ನಾನು ಬಿಟ್ಟು ಬಂದು ಕಾರ್ಕಳದಲ್ಲಿ ಸ್ವಂತ ಗ್ಯಾರೇಜ್ ಹಾಕಿದೆ. ಬಿಟ್ಟದ್ದಕ್ಕೆ ಕಾರಣ ಯಾರಿಗೂ ಹೇಳಲಿಲ್ಲ. ಮೇಸ್ತ್ರಿ ತೀರಿಕೊಂಡಾಗ ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದು ಊರೇ ಹೇಳಿತು. ಬೇರೆಯವರ ಕಾರಿನಲ್ಲಿ ಕುಳಿತು ಶಬ್ದ ಕೇಳುವಾಗ ನಾನೂ ಚಪ್ಪಲಿ ಕಳಚುತ್ತಿದ್ದೆ, ಅದಿಲ್ಲದೆ ನನಗೆ ತಿಳಿಯುತ್ತಿರಲಿಲ್ಲ. ಕಲಿಸಿದವರು ಅವರೇ. ಆ ವಿದ್ಯೆಯಿಂದಲೇ ಮಕ್ಕಳನ್ನು ಸಾಕಿದೆ, ಮೇಸ್ತ್ರಿಯನ್ನು ಶಪಿಸುತ್ತಲೇ ಸಾಕಿದೆ.

ಹೋದ ತಿಂಗಳು ಮಗಳ ಹಿತ್ತಲಿನಲ್ಲಿ ವಾಂತಿ ಮಾಡಿ ಬಾಯಿ ತೊಳೆಯುವಾಗ, ಸಾಯುವ ಮೊದಲು ಡಾಕ್ಟರಿಗೆ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಉದ್ಯಾವರಕ್ಕೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ, ಕಂಕುಳಲ್ಲಿ ಊರುಗೋಲು. ಡಾಕ್ಟರು ತೀರಿಹೋಗಿ ಮೂರು ತಿಂಗಳಾಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ... ತಿಳಿಸಲು ನಾನು ಅವರಿಗೆ ಏನಾಗಬೇಕು?

ಹಳೆಯ ಗ್ಯಾರೇಜಿನವನು ಎಂದೆ. ಕೂರಿಸಿದರು. ಡಾಕ್ಟರು ಮತ್ತೆ ಸ್ಟೇರಿಂಗ್ ಮುಟ್ಟಲೇ ಇಲ್ಲವಂತೆ. ಪ್ರತಿ ವರ್ಷ ಕಾರು ಗೋಡೆಗೆ ಬಡಿದ ದಿನ ಬಂದಾಗ ಹೆಂಡತಿಯ ಕಾಲಿನ ಮೇಲೆ ಕೈಯಿಟ್ಟು ಕ್ಷಮಿಸು ಎನ್ನುತ್ತಿದ್ದರಂತೆ. ಕೊನೆಯ ದಿನವೂ ಹಾಗೆಯೇ ಹೇಳಿದರಂತೆ.

ನಾನು ಎಲ್ಲವನ್ನೂ ಹೇಳಿದೆ. ಬಾಳೆಹಣ್ಣು ತಿಂದದ್ದನ್ನೂ ಬಿಡಲಿಲ್ಲ. ಅವರು ಕೇಳಿದ್ದು ಒಂದೇ.

"ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು ಬಾಯಮ್ಮ."

ತಮ್ಮ ಎಡಗಾಲಿನ ಮೇಲೆ ತಾವೇ ಕೈಯಿಟ್ಟುಕೊಂಡರು. ಆಮೇಲೆ ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗೆ ಹೇಳಿದರು.

"ಪ್ರತಿ ಸಲ ನಾನು ಕ್ಷಮಿಸಿದೆ, ಕ್ಷಮಿಸಿದೆ ಅಂತ ಹೇಳಿದೆ. ಅವರು ಎಂತ ಮಾಡಿದ್ರು ಅಂತ ನಾನು ಕ್ಷಮಿಸಿದ್ದು?"