ಸುರುಳಿಯ ಮೇಲಿನ ಹಿತ್ತಾಳೆ ತಟ್ಟೆ

ಯಶವಂತಪುರದ ಆ ಕಾರ್ಖಾನೆಯಲ್ಲಿ ತಂತಿ ಸುತ್ತುತ್ತ ವೀರಬಸಪ್ಪ ಏಳು ವರ್ಷ ಸವೆಸಿದ್ದ, ಇನ್ನೂ ಟೆಂಪರರಿ. ಚೀಫ್ ಎಂಜಿನಿಯರ್ ದಾಸಪ್ಪನವರು ಹದಿನೈದು ದಿನ ಜರ್ಮನಿಯಲ್ಲಿದ್ದು ಬಂದವರು. ಅಲ್ಲಿ ಅವರು ಕಲಿತದ್ದು ಟೈ ಕಟ್ಟುವುದೊಂದನ್ನೇ ಎಂದು ವೀರಬಸಪ್ಪನ ಖಚಿತ ಅಭಿಪ್ರಾಯ.

೧೯೮೩ರಲ್ಲಿ ಆ ಟೈ ಒಂದು ಯಂತ್ರ ಮಾಡಿಸಿತು. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದು ಮಾಡುವ ಪೆಟ್ಟಿಗೆ, ಅದಕ್ಕೊಂದು ಸುರುಳಿ. ಅದರಿಂದ ಒಂದು ಗೇಣು ಮೇಲೆ ಇನ್ನೊಂದು ಸುರುಳಿ, ಅದಕ್ಕೆ ಬಲ್ಬು. ನಡುವೆ ತಂತಿಯಿಲ್ಲದೆ ಬಲ್ಬು ಉರಿಯಬೇಕು. ಮೂರು ಸಲ ಕೈಕೊಟ್ಟ ಯಂತ್ರ ಸರಿಹೋದದ್ದು, ವೀರಬಸಪ್ಪ ಕೂದಲೆಳೆಯಂಥ ನೂರು ತಂತಿ ಹೊಸೆದು ಸುರುಳಿ ಸುತ್ತಿದ ಮೇಲೆ.

"ಗಿರಾಕಿಗಳ ಮುಂದೆ ಬಲ್ಬು ಉರೀಲಿ, ನಿನ್ನ ಪರ್ಮನೆಂಟ್ ಆರ್ಡರ್‌ಗೆ ಸೈನ್ ಹಾಕ್ತೀನಿ" ಎಂದಿದ್ದರು ದಾಸಪ್ಪನವರು.

ಗಿರಾಕಿಗಳು ಬಂದ ಬೆಳಿಗ್ಗೆ ಯಂತ್ರಕ್ಕೆ ಪೂಜೆ. ದಾಸಪ್ಪನವರು ತಾವೇ ಕಾಯಿ ಒಡೆದು, ಹೂವು ಕುಂಕುಮದ ಹಿತ್ತಾಳೆ ತಟ್ಟೆಯನ್ನು ಕೆಳಗಿನ ಸುರುಳಿಯ ಮೇಲೆಯೇ ಇಟ್ಟು ಸ್ವಿಚ್ ಒತ್ತಿದರು. ಫ್ಯೂಸ್ ಹಾರಿತು.

"ತಾಟು ತೆಗೀರಿ ಸರ್. ಹಿತ್ತಾಳಿ ಕರೆಂಟ್ ಎಳಕೊಂತದ್ರಿ" ಎಂದ ವೀರಬಸಪ್ಪ.

"ದೇವರ ತಟ್ಟೆ ಕಣಯ್ಯಾ! ಫ್ಯೂಸೇ ವೀಕು. ದಪ್ಪ ತಂತಿ ಹಾಕು."

ಫ್ಯೂಸ್ ಇದ್ದುದೇ ಪೆಟ್ಟಿಗೆಯೊಳಗೆ ಕರೆಂಟನ್ನು ಹಿಂದುಮುಂದು ಮಾಡುವ ಥೈರಿಸ್ಟರ್‌ಗಳನ್ನು ಕಾಯಲು. ಆರು ತಿಂಗಳು ಕಾದು ಪರದೇಶದಿಂದ ತರಿಸಿದ್ದವು. ದಪ್ಪ ತಂತಿ ಹಾಕಿದರೆ ಫ್ಯೂಸಿನ ಬದಲು ಅವೇ ಸುಡುತ್ತವೆ; ಬೇರೆ ಇರಲಿಲ್ಲ. ಇಷ್ಟೂ ತಿಳಿಯದ ಮನುಷ್ಯನಿಗೆ ಕಾರು, ಡ್ರೈವರು! ವೀರಬಸಪ್ಪ ದಪ್ಪ ತಂತಿ ಹಾಕಿದ. ಸಾಹೇಬರ ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ತಟ್ಟೆಯನ್ನು ಎತ್ತಿಕೊಂಡುಬಿಟ್ಟ. ಬಲ್ಬು ಝಗ್ಗೆಂದು ಉರಿಯಿತು.

"ನೋಡಿದ್ರಾ? ಎಲ್ಲಾ ಫ್ಯೂಸಿಂದೇ ತೊಂದ್ರೆ" ಎಂದು ದಾಸಪ್ಪನವರು ಗಿರಾಕಿಗಳ ಕೈ ಕುಲುಕಿದರು. ಸ್ವಿಚ್ ಆರಿಸಿ, ಅವರನ್ನು ಕಾಫಿಗೆ ಕಳಿಸಿ ಹಿಂದಿರುಗಿದಾಗ ಮುಖ ಕೆಂಪಗಿತ್ತು.

"ಗೆಸ್ಟ್‌ಗಳ ಎದುರು ಪೂಜೆ ತಟ್ಟೆಗೆ ಕೈ ಹಾಕ್ತೀಯಾ? ನಿನಗೆ ಪರ್ಮನೆಂಟ್ ಬೇರೆ ಕೇಡು. ನಾಳೆಯಿಂದ ಬರ್ಬೇಡ. ಮಧ್ಯಾಹ್ನ ಓನರ್ ಬಲ್ಬು ಉರಿಯೋದು ನೋಡೋಕ್ ಬರ್ತಾರೆ; ತಟ್ಟೆ ಎಲ್ಲಿತ್ತೋ ಅಲ್ಲೇ ಇಟ್ಟು ಹೋಗು."

ಏಳು ವರ್ಷ ಸುತ್ತಿದ ತಂತಿಗೆ ಸಿಕ್ಕ ಮರ್ಯಾದೆ ಇದು. ಹೇಳಬೇಕಾದ ಮಾತು ವೀರಬಸಪ್ಪನ ನಾಲಗೆಯ ತುದಿಗೆ ಬಂದಿತ್ತು. ಈ ಮನುಷ್ಯನಿಗೆ ಇನ್ನೊಂದು ಸಲ ಹೇಳುವುದು ದಂಡ ಎನ್ನಿಸಿತು.

"ಆಗ್ಲಿ ಸರ್" ಎಂದ.

ತಟ್ಟೆ ಒರೆಸಿ, ಹೂವು ಸರಿಮಾಡಿ, ಸುರುಳಿಯ ನಟ್ಟನಡುವೆ ಇಟ್ಟ. ಫ್ಯೂಸಿನ ದಪ್ಪ ತಂತಿಯನ್ನು ಮುಟ್ಟಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಾಗಲಗುಂಟೆಯ ಬಸ್ಸು ಹಿಡಿದ.